ತಲೆಗೆ ಬಿದ್ದ ಪೆಟ್ಟು ಮತ್ತು ಕಡಲೆಕಾಳಿನಷ್ಟು ಗ್ರಂಥಿ

(ಒಕ್ಕೂಟದ ಸದಸ್ಯರಿಗಾಗಿ ಏರ್ಪಡಿಸಿದ್ದ ಆರೋಗ್ಯ ತಿಳುವಳಿಕೆ ಶಿಬಿರದಲ್ಲಿ ತಾಲ್ಲೂಕು ಕೇಂದ್ರದ ವೈದ್ಯರೊಬ್ಬರು ಮಾಡಿದ ಭಾಷಣ. ಶಿಬಿರಕ್ಕೆ ಬರಲಾಗದ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಪ್ರಕಟಿಸಲಾಗಿದೆ.)



ಹಸುವಿನ ಡಾಕ್ಟರು ಬರಬೇಕಾದ ವೇದಿಕೆಗೆ ಮನುಷ್ಯರ ಡಾಕ್ಟರು ಏಕೆ ಬಂದರು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನಾನು ಇಂದು ಹೇಳಬೇಕಾದ ವಿಷಯ ಮನುಷ್ಯರದೇ. ಆದರೆ ಅದನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಅರ್ಧ ತಿಳುವಳಿಕೆ ಹಸು ಕಟ್ಟಿದ ನಿಮಗೆ ಆಗಲೇ ಇದೆ. ಆದ್ದರಿಂದ ಕೊಟ್ಟಿಗೆಯಿಂದಲೇ ಮಾತು ಶುರು ಮಾಡುತ್ತೇನೆ.

ಹಾಲು ಕರೆಯಲು ಕೂರುವ ಮೊದಲು ನೀವು ಏನು ಮಾಡುತ್ತೀರಿ? ಕರು ಬಿಡುತ್ತೀರಿ, ಇಲ್ಲವೇ ಕೆಚ್ಚಲನ್ನು ತೊಳೆದು ಒರೆಸುತ್ತೀರಿ. ಒಂದೆರಡು ನಿಮಿಷದಲ್ಲಿ ಕೆಚ್ಚಲು ಬಿಗಿಯಾಗಿ ಮೊಲೆಗೆ ಹಾಲು ಇಳಿಯುತ್ತದೆ. ಆ ಹೊತ್ತಿಗೆ ನಾಯಿ ಬೊಗಳಿಕೊಂಡು ನುಗ್ಗಿದರೆ, ಹೊಸಬರು ಬಂದು ಕುಳಿತರೆ, ಯಾರಾದರೂ ಹಸುವಿಗೆ ಬಾರಿಸಿದರೆ ಏನಾಗುತ್ತದೆ? "ಹಾಲು ಎಳ್ಕೊಂಡ್ಬಿಡ್ತು" ಎನ್ನುತ್ತೀರಿ. ಕೆಚ್ಚಲಿನಲ್ಲಿ ಹಾಲು ಇದ್ದೇ ಇದೆ. ಇಳಿಸು ಎಂಬ ಅಪ್ಪಣೆ ಬರಲಿಲ್ಲ, ಅಷ್ಟೆ.

1941ರಲ್ಲಿ ಅಮೆರಿಕದಲ್ಲಿ ಎಲಿ ಮತ್ತು ಪೀಟರ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನೇ ಪರೀಕ್ಷಿಸಿದರು. ಹಸುವಿನ ಬೆನ್ನ ಮೇಲೆ ಬೆಕ್ಕನ್ನು ಕೂರಿಸಿ, ಪಕ್ಕದಲ್ಲಿ ಕಾಗದದ ಚೀಲಗಳನ್ನು ಢಬ್ ಢಬ್ ಎಂದು ಒಡೆದರು. ಬೆದರಿದ ಹಸು ಹಾಲು ಇಳಿಸಲಿಲ್ಲ. ಹಾಲು ಇಳಿಸುವ ಅಪ್ಪಣೆ ಹೋಗುವುದು ಮಿದುಳಿನ ಬುಡದಲ್ಲಿರುವ ಒಂದು ಗ್ರಂಥಿಯಿಂದ ರಕ್ತದ ಮೂಲಕ ಎಂದು ಅವರು ವಿವರಿಸಿದರು. ಆ ಅಪ್ಪಣೆಯ ಹೆಸರೇ ಆಕ್ಸಿಟೋಸಿನ್. ಈ ಹೆಸರನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಇದೇ ಔಷಧಿಯನ್ನು ದಿನನಿತ್ಯ ಚುಚ್ಚಿ ಹಾಲು ಇಳಿಸಬಾರದೆಂದು ಪಶುವೈದ್ಯರು ನಿಮಗೆ ಎಷ್ಟೋ ಬಾರಿ ಹೇಳಿದ್ದಾರೆ.

ಅಪ್ಪಣೆ ಹೊತ್ತು ರಕ್ತದಲ್ಲಿ ಓಡಾಡುವ ಇಂಥ ರಸಗಳಿಗೆ ಹಾರ್ಮೋನು ಎಂದು ಹೆಸರು. ಅಪ್ಪಣೆ ಹೊರಡುವ ಆ ಗ್ರಂಥಿಗೆ ಪಿಟ್ಯುಟರಿ ಗ್ರಂಥಿ ಎಂದು ಹೆಸರು. ಹಸುವಿಗೂ ಅದಿದೆ, ನಮಗೂ ಅದಿದೆ. ತಲೆಗೆ ಪೆಟ್ಟು ಬಿದ್ದಾಗ ಈ ಗ್ರಂಥಿಗೆ ಏನಾಗಬಹುದು, ಅದು ಕೆಟ್ಟರೆ ಮನೆಯವರ ಕಣ್ಣಿಗೆ ಹೇಗೆ ಕಾಣುತ್ತದೆ, ಅದಕ್ಕೆ ಏನು ಮಾಡಬೇಕು - ಇವು ಮೂರು ಇಂದಿನ ನನ್ನ ವಿಷಯ.

ಗ್ರಂಥಿ ಎಲ್ಲಿದೆ, ಏನು ಮಾಡುತ್ತದೆ

ಎರಡು ಹುಬ್ಬುಗಳ ನಡುವಿನಿಂದ ನೇರ ಹಿಂದಕ್ಕೆ ಹೋದರೆ, ತಲೆಬುರುಡೆಯ ತಳದ ಮೂಳೆಯಲ್ಲಿ ಒಂದು ಸಣ್ಣ ಗುಳಿ ಇದೆ. ಆ ಗುಳಿಯಲ್ಲಿ ಕಡಲೆಕಾಳಿನಷ್ಟು ಗಾತ್ರದ ಈ ಗ್ರಂಥಿ ಕುಳಿತಿರುತ್ತದೆ. ತೂಕ ಸುಮಾರು ಅರ್ಧ ಗ್ರಾಂ. ಮೇಲಿನ ಮಿದುಳಿಗೆ ಇದು ಒಂದು ತೆಳ್ಳನೆಯ ತೊಟ್ಟಿನಿಂದ ಅಂಟಿಕೊಂಡಿದೆ. ಬಳ್ಳಿಯಿಂದ ಕಾಯಿ ಜೋತುಬಿದ್ದ ಹಾಗೆ ಎಂದು ತಿಳಿಯಿರಿ.

ಗಾತ್ರ ಚಿಕ್ಕದಾದರೂ ಇದರ ಯಜಮಾನಿಕೆ ದೊಡ್ಡದು. ದೇಹದ ಬೇರೆ ಬೇರೆ ಗ್ರಂಥಿಗಳಿಗೆ ಕೆಲಸ ಹೇಳುವುದು ಇದೇ.

ಮೊದಲನೆಯದು, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು. ಇವು ಕಾರ್ಟಿಸಾಲ್ ಎಂಬ ಹಾರ್ಮೋನು ಕೊಡುತ್ತವೆ. ಜ್ವರ, ಗಾಯ, ಉಪವಾಸ, ಹೆದರಿಕೆ ಯಾವುದೇ ಕಷ್ಟ ಬಂದಾಗ ದೇಹವನ್ನು ಎತ್ತಿ ಹಿಡಿಯುವುದು ಇದು. ಇದಿಲ್ಲದೆ ಜೀವ ಉಳಿಯುವುದಿಲ್ಲ.

ಎರಡನೆಯದು, ಕುತ್ತಿಗೆಯಲ್ಲಿರುವ ಥೈರಾಯ್ಡ್. ದೇಹದ ಕಾವು, ಚುರುಕು, ಕರುಳಿನ ಚಲನೆ ಎಲ್ಲಕ್ಕೂ ಇದು ಬೇಕು.

ಮೂರನೆಯದು, ಹೆಣ್ಣಿನ ಅಂಡಾಶಯ, ಗಂಡಿನ ವೃಷಣ. ಹೆಂಗಸರ ಮುಟ್ಟು, ಗಂಡಸರ ಪುರುಷತ್ವ, ಮಕ್ಕಳಾಗುವುದು ಎಲ್ಲವೂ ಪಿಟ್ಯುಟರಿಯ ಅಪ್ಪಣೆಯ ಮೇಲೆ ನಿಂತಿವೆ. ಹಸು ಬೆದೆಗೆ ಬರುವುದೂ ಇದೇ ಅಪ್ಪಣೆಯಿಂದ.

ಇವಲ್ಲದೆ ಮಕ್ಕಳು ಎತ್ತರ ಬೆಳೆಯುವ ಬೆಳವಣಿಗೆ ಹಾರ್ಮೋನು, ಬಾಣಂತಿಯ ಎದೆಯಲ್ಲಿ ಹಾಲು ತುಂಬಿಸುವ ಪ್ರೊಲ್ಯಾಕ್ಟಿನ್, ಮೂತ್ರದಲ್ಲಿ ನೀರು ಸುಮ್ಮನೆ ಹರಿದುಹೋಗದಂತೆ ತಡೆಯುವ ವ್ಯಾಸೊಪ್ರೆಸಿನ್ - ಇವೆಲ್ಲ ನೇರವಾಗಿ ಇದೇ ಗ್ರಂಥಿಯಿಂದ ಹೊರಡುತ್ತವೆ.

ಪೆಟ್ಟು ಬಿದ್ದಾಗ ಆಗುವುದೇನು

ಮಿದುಳು ಬುರುಡೆಯೊಳಗೆ ಬಿಗಿದು ಕಟ್ಟಿದ ವಸ್ತುವಲ್ಲ. ಬೈಕು ಉರುಳಿ ತಲೆ ರಸ್ತೆಗೆ ಬಡಿದಾಗ ಬುರುಡೆ ಒಮ್ಮೆಲೇ ನಿಲ್ಲುತ್ತದೆ, ಒಳಗಿನ ಮಿದುಳು ಮಾತ್ರ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತದೆ. ತುಂಬಿದ ಕ್ಯಾನು ಹೊತ್ತ ಗಾಡಿಗೆ ಗಕ್ಕನೆ ಬ್ರೇಕ್ ಹಾಕಿದರೆ ಹಾಲು ಕ್ಯಾನಿನ ಬಾಯಿಗೆ ಚಿಮ್ಮುವುದಿಲ್ಲವೇ, ಹಾಗೆ. ಗ್ರಂಥಿಯೋ ಮೂಳೆಯ ಗುಳಿಯಲ್ಲಿ ಸಿಕ್ಕಿಕೊಂಡಿದೆ. ಮೇಲಿನ ಮಿದುಳು ಅಲುಗಾಡಿದಾಗ ನಡುವಿನ ತೊಟ್ಟು ಎಳೆತಕ್ಕೆ ಸಿಕ್ಕುತ್ತದೆ. ಗ್ರಂಥಿಯ ಮುಂಭಾಗಕ್ಕೆ ರಕ್ತ ಬರುವುದು ಹೆಚ್ಚಾಗಿ ಈ ತೊಟ್ಟಿನ ಮೂಲಕ ಇಳಿಯುವ ಸಣ್ಣ ನಾಳಗಳಿಂದ. ಅವು ಹರಿದರೆ, ಇಲ್ಲವೇ ಮಿದುಳು ಊದಿಕೊಂಡು ಅವನ್ನು ಒತ್ತಿದರೆ, ಗ್ರಂಥಿಯ ಒಂದಷ್ಟು ಭಾಗ ನೀರಿಲ್ಲದ ಸಸಿಯಂತೆ ಒಣಗುತ್ತದೆ.

ಈ ಹಾನಿ ಸ್ಕ್ಯಾನ್ ಚಿತ್ರದಲ್ಲಿ ಕಾಣಲೇಬೇಕೆಂದಿಲ್ಲ. ರೋಗಿ ಎದ್ದು ಕೂತು ಮಾತನಾಡಿ, ಹೊಲಿಗೆ ಬಿಚ್ಚಿಸಿಕೊಂಡು, ನಡೆದುಕೊಂಡೇ ಮನೆಗೆ ಬರುತ್ತಾನೆ. ತೊಂದರೆ ಕಾಣಿಸಿಕೊಳ್ಳುವುದು ವಾರಗಳು, ತಿಂಗಳುಗಳು ಕಳೆದ ಮೇಲೆ. ಅಷ್ಟರಲ್ಲಿ ಪೆಟ್ಟಿನ ಮಾತು ಎಲ್ಲರಿಗೂ ಮರೆತಿರುತ್ತದೆ.

ನಾನು ತಪ್ಪಿದ ಒಂದು ಸಂಗತಿ

ಹೆಸರು, ಊರು ಹೇಳದೆ ಒಂದು ಸಂಗತಿ ಹೇಳುತ್ತೇನೆ. ಆತ ನಿಮ್ಮಂತೆಯೇ ಸಂಘಕ್ಕೆ ಹಾಲು ಹಾಕುವವನು. ಆಗ ಮೂವತ್ತನಾಲ್ಕು ವರ್ಷ. ಒಂದು ಬೆಳಗಿನ ಜಾವ ಬೈಕಿಗೆ ಎರಡು ಕ್ಯಾನು ಕಟ್ಟಿಕೊಂಡು ನಾಲೆಯ ಏರಿಯ ಮೇಲೆ ಬರುವಾಗ ಜಾರಿ ಬಿದ್ದ. ಹೆಲ್ಮೆಟ್ ಇರಲಿಲ್ಲ. ಅರ್ಧ ಗಂಟೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದ. ಆಪರೇಷನ್ ಬೇಕಾಗಲಿಲ್ಲ. "ಗಂಡಾಂತರ ಕಳೀತು" ಎಂದು ಮನೆಯವರು ದೇವರಿಗೆ ಹಣ್ಣುಕಾಯಿ ಮಾಡಿಸಿ ಕರೆದುಕೊಂಡು ಬಂದರು.

ಮೂರು ನಾಲ್ಕು ತಿಂಗಳು ಕಳೆಯಿತು. ನಾಲ್ಕೂವರೆಗೆ ಏಳುತ್ತಿದ್ದ ಮನುಷ್ಯ ಎಂಟು ಗಂಟೆಯಾದರೂ ಏಳುತ್ತಿರಲಿಲ್ಲ. ಮೇವಿನ ಹೊರೆ ಹೊತ್ತರೆ ಕುಸಿದು ಕೂರುತ್ತಿದ್ದ. ಬಿಸಿಲಿನಲ್ಲೂ ಕಂಬಳಿ ಬೇಕಿತ್ತು. ಊಟ ಸೇರದು. ಮಾತಿಗೊಂದು ಸಿಡುಕು, ಇಲ್ಲದಿದ್ದರೆ ಮೌನ. ಅವನ ಅಣ್ಣ, "ಬಿದ್ದಿದ್ದೇ ನೆಪ ಆಯ್ತು, ಮೈಗಳ್ಳನಾದ" ಎಂದ. ಊರಿನವರು ಕುಡಿತ ಕಲಿತ ಎಂದರು. ತಾಯಿ ನಾಲೆಯ ಏರಿಯ ಮೇಲೆ ಗಾಳಿ ಸೋಕಿದೆ ಎಂದು ಮಂತ್ರ ಹಾಕಿಸಿದರು. ಹೆಂಡತಿಗೆ ಬೇರೆಯೇ ಸಂಶಯ ಬಂತು. ಆ ಸಂಶಯಕ್ಕೆ ಕಾರಣವನ್ನು ಆಕೆ ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ.

ಕಡೆಗೆ ನನ್ನ ಹತ್ತಿರ ಕರೆತಂದರು. "ಇವ್ರು ಮೊದ್ಲಿನಂಗಿಲ್ಲ ಸ್ವಾಮಿ" ಎಂದು ಆಕೆ ಹೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ನಾನು ರಕ್ತ ನೋಡಿದೆ, ಸಕ್ಕರೆ ನೋಡಿದೆ, ಥೈರಾಯ್ಡಿನ ಟಿ.ಎಸ್.ಎಚ್. ಎಂಬ ಒಂದು ಪರೀಕ್ಷೆ ಮಾಡಿಸಿದೆ. ಎಲ್ಲ ಸರಿಯಿತ್ತು. ಟಾನಿಕ್ ಬರೆದುಕೊಟ್ಟು, "ಮನಸ್ಸು ಗಟ್ಟಿ ಮಾಡ್ಕೋಪ್ಪ, ಸಂಸಾರಸ್ಥ ನೀನು" ಎಂದು ಬುದ್ಧಿ ಹೇಳಿ ಕಳಿಸಿದೆ. ತಲೆಗೆ ಪೆಟ್ಟಾಗಿತ್ತೇ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಬಿದ್ದ ಹದಿನಾಲ್ಕು ತಿಂಗಳಿಗೆ ಆತನಿಗೆ ವಾಂತಿ ಭೇದಿಯಾಯಿತು. ಮನೆಯಲ್ಲಿ ಅದೇ ಊಟ ಮಾಡಿದ ಉಳಿದವರು ಎರಡು ದಿನಕ್ಕೆ ಸುಧಾರಿಸಿಕೊಂಡರು. ಈತ ಪ್ರಜ್ಞೆ ತಪ್ಪಿದ. ದೊಡ್ಡ ಆಸ್ಪತ್ರೆಗೆ ಸೇರಿಸಿದಾಗ ಬಾಟಲಿ ಮೇಲೆ ಬಾಟಲಿ ಗ್ಲೂಕೋಸ್, ಸಲೈನ್ ಏರಿಸಿದರೂ ರಕ್ತದೊತ್ತಡ ಮೇಲೇರಲಿಲ್ಲ. ಅಲ್ಲಿದ್ದ ಯುವ ವೈದ್ಯೆಯೊಬ್ಬರು ಮನೆಯವರನ್ನು ಕರೆದು ಒಂದೇ ಪ್ರಶ್ನೆ ಕೇಳಿದರು: "ಇವರ ತಲೆಗೆ ಯಾವತ್ತಾದರೂ ಪೆಟ್ಟು ಬಿದ್ದಿತ್ತಾ?" ಹೌದೆಂದ ತಕ್ಷಣ ಪರೀಕ್ಷೆಗೆಂದು ರಕ್ತ ತೆಗೆದಿಟ್ಟುಕೊಂಡು, ವರದಿಗೆ ಕಾಯದೆ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟರು. ಕೆಲವು ಗಂಟೆಗಳಲ್ಲಿ ಒತ್ತಡ ಏರಿತು, ಆತ ಕಣ್ಣು ಬಿಟ್ಟ. ಆಮೇಲೆ ಬಂದ ವರದಿಯಲ್ಲಿ ಕಾರ್ಟಿಸಾಲ್ ಇಲ್ಲವೆನ್ನುವಷ್ಟು ಕಡಿಮೆ. ಥೈರಾಯ್ಡ್ ಹಾರ್ಮೋನು ಕಡಿಮೆ. ಪುರುಷ ಹಾರ್ಮೋನೂ ಕಡಿಮೆ.

ಕಾಯಿಲೆ ಎಂದಿನಿಂದ ಶುರುವಾಯಿತು ಎಂದು ನಾನು ಆಕೆಯನ್ನು ನಂತರ ಕೇಳಿದೆ. ಆಕೆಗೆ ತಿಂಗಳು ನೆನಪಿಗೆ ಬರಲಿಲ್ಲ. ಮಾರನೆಯ ದಿನ ಸಂಘದ ಹಾಲಿನ ಪಾಸ್ ಪುಸ್ತಕ ತಂದು ನನ್ನ ಮುಂದಿಟ್ಟರು. ಅಪಘಾತಕ್ಕೆ ಮುಂಚೆ ಎರಡು ಹೊತ್ತು ಸೇರಿ ಹದಿನಾರು ಲೀಟರು. ನಾಲ್ಕನೆಯ ತಿಂಗಳಿಗೆ ಹನ್ನೊಂದು. ಎಂಟನೆಯ ತಿಂಗಳಿಗೆ ಆರು. ಹಸುಗಳಿಗೆ ಕಾಯಿಲೆ ಇರಲಿಲ್ಲ. ಹೊತ್ತಿಗೆ ಮೇವು ನೀರು ಕೊಡುತ್ತಿದ್ದ ಮನುಷ್ಯನ ಶಕ್ತಿ ಇಳಿದಿತ್ತು. ಅವನ ಕಾಯಿಲೆಯ ಲೆಕ್ಕ ಆ ಪುಸ್ತಕದಲ್ಲಿ ದಿನಾ ಬರೆದಿತ್ತು, ಓದುವವರು ಇರಲಿಲ್ಲ.

ಆತ ಮಾತ್ರೆ ತೆಗೆದುಕೊಳ್ಳುತ್ತ ಆರು ತಿಂಗಳಲ್ಲಿ ಚೇತರಿಸಿಕೊಂಡ. ಮತ್ತೆ ಸಂಘಕ್ಕೆ ಹಾಲು ಹಾಕುತ್ತಿದ್ದಾನೆ. ಆದರೆ ನಡುವೆ ಎರಡು ಹಸು ಮಾರಿಹೋಗಿದ್ದವು, ಅಣ್ಣ ತಮ್ಮಂದಿರಲ್ಲಿ ಪಾಲಾಗಿತ್ತು. ಅವು ಮಾತ್ರೆಯಿಂದ ಸರಿಹೋಗಲಿಲ್ಲ. ನಾನು ಅಂದು ಒಂದು ಪ್ರಶ್ನೆ ಕೇಳಿದ್ದರೆ ಅವು ಉಳಿಯುತ್ತಿದ್ದವು. ಅಂದಿನಿಂದ, ಸುಸ್ತು ಎಂದು ಬಂದ ಪ್ರತಿಯೊಬ್ಬರನ್ನೂ ಆ ಪ್ರಶ್ನೆ ಕೇಳುತ್ತೇನೆ. ಇಂದು ಇಲ್ಲಿ ಬಂದಿರುವುದೂ ಅದಕ್ಕಾಗಿಯೇ. ನಿಮ್ಮ ವೈದ್ಯರು ಕೇಳಲು ಮರೆತರೆ ನೀವೇ ಹೇಳಬೇಕು.

ಇದು ಅಪರೂಪವೇ?

ಬಹುಕಾಲ ಹಾಗೆಂದೇ ತಿಳಿದಿದ್ದೆವು. ತಲೆಬುರುಡೆ ಬಿರುಕುಬಿಟ್ಟು ಪಿಟ್ಯುಟರಿ ಕೆಟ್ಟ ಸಂಗತಿಯನ್ನು 1918ರಲ್ಲಿಯೇ ಜರ್ಮನಿಯ ವೈದ್ಯ ಪತ್ರಿಕೆಯೊಂದರಲ್ಲಿ ಸಿರಾನ್ ಎಂಬವರು ವರದಿ ಮಾಡಿದ್ದರು. 1942ರಲ್ಲಿ ಎಸ್ಕಮಿಲ್ಲಾ ಮತ್ತು ಲಿಸ್ಸರ್ ಎಂಬ ವೈದ್ಯರು ಪಿಟ್ಯುಟರಿ ಸೋತ 595 ರೋಗಿಗಳ ವರದಿಗಳನ್ನು ಒಟ್ಟು ಹಾಕಿದಾಗ, ತಲೆಯ ಪೆಟ್ಟು ಕಾರಣವಾಗಿದ್ದದ್ದು ಕೇವಲ 4 ಜನರಲ್ಲಿ. ಹೀಗಾಗಿ ಪಾಠದ ಪುಸ್ತಕಗಳಲ್ಲಿ ಇದಕ್ಕೆ ಒಂದು ಸಾಲಿಗಿಂತ ಹೆಚ್ಚು ಜಾಗ ಸಿಗಲಿಲ್ಲ.

2000ದಿಂದ ಈಚೆಗೆ ವೈದ್ಯರು ಉಲ್ಟಾ ಹಾದಿ ಹಿಡಿದರು. ತಲೆಗೆ ಪೆಟ್ಟಾಗಿ ಬದುಕುಳಿದವರನ್ನು ಕರೆಸಿ ಹಾರ್ಮೋನು ಪರೀಕ್ಷೆ ಮಾಡತೊಡಗಿದರು. 2007ರಲ್ಲಿ ಅಂಥ ಹಲವು ಅಧ್ಯಯನಗಳನ್ನು ಸೇರಿಸಿ ಪ್ರಕಟಿಸಿದ ಲೆಕ್ಕದಲ್ಲಿ, ಪೆಟ್ಟಾಗಿ ತಿಂಗಳುಗಳು ಕಳೆದ ಮೇಲೂ ನೂರಕ್ಕೆ 27.5 ಜನರಲ್ಲಿ ಒಂದಲ್ಲ ಒಂದು ಹಾರ್ಮೋನಿನ ಕೊರತೆ ಕಂಡಿತ್ತು. ಇವರು ಹೆಚ್ಚಾಗಿ ಆಸ್ಪತ್ರೆ ಸೇರುವಷ್ಟು ಪೆಟ್ಟಾದವರು. ಮುಂದೆ ಪರೀಕ್ಷೆಯ ಕ್ರಮವನ್ನು ಬಿಗಿ ಮಾಡಿ ನೋಡಿದವರಿಗೆ ಇದಕ್ಕಿಂತ ಕಡಿಮೆ ಸಂಖ್ಯೆ ಬಂದದ್ದೂ ಉಂಟು. ಸಂಖ್ಯೆ ಏನೇ ಇರಲಿ, ಇದು ಸಾವಿರಕ್ಕೊಬ್ಬರ ಕಾಯಿಲೆಯಲ್ಲ ಎಂಬುದು ಖಚಿತವಾಗಿದೆ.

ಬಾಗಿಲಿಗೆ ತಲೆ ತಾಗಿ ಬುಗುಟೆ ಎದ್ದವರೆಲ್ಲ ಹೆದರಬೇಕಾಗಿಲ್ಲ. ಪ್ರಜ್ಞೆ ತಪ್ಪಿದ್ದವರು, ಬುರುಡೆಯ ತಳದ ಮೂಳೆ ಮುರಿದವರು, ಮಿದುಳು ಊದಿಕೊಂಡವರು, ಆಪರೇಷನ್ ಆದವರು, ತೀವ್ರ ನಿಗಾ ಘಟಕದಲ್ಲಿ ಇದ್ದವರು - ಇವರಿಗೆ ಅಪಾಯ ಹೆಚ್ಚು. ಆಸ್ಪತ್ರೆಗೆ ಸೇರಿದ್ದ ಸಾಧಾರಣ ಪೆಟ್ಟಿನವರಲ್ಲೂ ಕೆಲವೊಮ್ಮೆ ಇದು ಕಾಣುತ್ತದೆ.

ಮನೆಯಲ್ಲಿ ಗಮನಿಸಬೇಕಾದ ಚಿಹ್ನೆಗಳು

ತಲೆಗೆ ಪೆಟ್ಟಾದವರ ಮನೆಯವರು ಮೊದಲ ಒಂದು ವರ್ಷ ಈ ಕೆಳಗಿನವನ್ನು ಗಮನಿಸುತ್ತಿರಬೇಕು:

1. ನಿದ್ದೆ ಮಾಡಿ ಎದ್ದರೂ ಬಿಡದ ಸುಸ್ತು, ಎದ್ದು ನಿಂತರೆ ತಲೆ ಸುತ್ತು, ಊಟ ಸೇರದಿರುವುದು, ತೂಕ ಇಳಿಯುವುದು, ಸಣ್ಣ ಜ್ವರಕ್ಕೂ ಹಾಸಿಗೆ ಹಿಡಿಯುವುದು. ಇವು ಕಾರ್ಟಿಸಾಲ್ ಕೊರತೆಯಿಂದ ಬರಬಹುದು. ಎಲ್ಲಕ್ಕಿಂತ ಅಪಾಯಕರ ಇದೇ.

2. ಎಲ್ಲರಿಗೂ ಸೆಕೆಯಾಗುವಾಗ ಇವರಿಗೆ ಚಳಿ, ಒಣಚರ್ಮ, ಮಲಬದ್ಧತೆ, ಮಾತು ಮತ್ತು ನಡಿಗೆ ನಿಧಾನವಾಗುವುದು. ಇವು ಥೈರಾಯ್ಡ್ ಕೊರತೆಯ ಲಕ್ಷಣಗಳು.

3. ಹೆಂಗಸರಲ್ಲಿ ಮುಟ್ಟು ನಿಲ್ಲುವುದು ಅಥವಾ ತಪ್ಪುವುದು. ಗಂಡಸರಲ್ಲಿ ದಾಂಪತ್ಯದ ಆಸೆ, ಶಕ್ತಿ ಕಡಿಮೆಯಾಗುವುದು, ಗಡ್ಡ ಬೆಳೆಯುವುದು ನಿಧಾನವಾಗಿ ಎರಡು ಮೂರು ವಾರಕ್ಕೊಮ್ಮೆ ಕ್ಷೌರ ಸಾಕಾಗುವುದು.

4. ಪದೇ ಪದೇ, ರಾತ್ರಿಯೂ ಸೇರಿ, ನೀರಿನಂಥ ಮೂತ್ರ ಹೋಗುವುದು, ಎಷ್ಟು ಕುಡಿದರೂ ಆರದ ಬಾಯಾರಿಕೆ. ಸಕ್ಕರೆ ಪರೀಕ್ಷೆ ಸರಿಯಿದ್ದರೂ ಹೀಗಾದರೆ ವ್ಯಾಸೊಪ್ರೆಸಿನ್ ಕೊರತೆ ಇರಬಹುದು. ಪೆಟ್ಟಾದ ಮೊದಲ ದಿನಗಳಲ್ಲಿ ಇದು ಕಾಣಿಸಿಕೊಂಡು ಬಹಳ ಜನರಲ್ಲಿ ತಾನಾಗಿ ನಿಲ್ಲುತ್ತದೆ, ಕೆಲವರಲ್ಲಿ ಉಳಿಯುತ್ತದೆ.

5. ಮಕ್ಕಳಲ್ಲಿ ಎತ್ತರ ಬೆಳೆಯುವುದು ನಿಲ್ಲುವುದು, ವಯಸ್ಸಿಗೆ ಬರುವುದು ತಡವಾಗುವುದು, ಕೆಲವೊಮ್ಮೆ ತೀರ ಬೇಗ ಬರುವುದು. ಮರದಿಂದಲೋ ಬಣವೆಯಿಂದಲೋ ಬಿದ್ದ ಮಗುವಿನ ಎತ್ತರವನ್ನು ಆರು ತಿಂಗಳಿಗೊಮ್ಮೆ ಗೋಡೆಯ ಮೇಲೆ ಗುರುತು ಮಾಡಿ, ಓರಗೆಯ ಮಕ್ಕಳೊಡನೆ ಹೋಲಿಸಿ.

6. ಹೊಟ್ಟೆಯ ಸುತ್ತ ಬೊಜ್ಜು, ತೋಳುಗಳಲ್ಲಿ ಬಲ ಕಡಿಮೆ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು.

ತಾಯಂದಿರಿಗೆ ಒಂದು ಮಾತು. ಹಸು ಒಂದು ಸಲ ಬೆದೆ ತಪ್ಪಿಸಿದರೆ ಕೃತಕ ಗರ್ಭಧಾರಣೆ ಕಾರ್ಯಕರ್ತರನ್ನು ಮನೆಗೆ ಕರೆಸುತ್ತೀರಿ. ನಿಮ್ಮದೇ ಮುಟ್ಟು ನಿಂತು ಆರು ತಿಂಗಳಾದರೂ ಬಾಯಿ ಬಿಡುವುದಿಲ್ಲ. ಇದರಲ್ಲಿ ನಾಚಿಕೆಯ ಮಾತಿಲ್ಲ. ಗಂಡಸರಿಗೂ ಇದೇ ಮಾತು. ಮೂರನೆಯ ಚಿಹ್ನೆಯನ್ನು ಮುಚ್ಚಿಟ್ಟುಕೊಂಡು ಪೇಟೆಯ ಲಾಡ್ಜಿನಲ್ಲಿ ಕೂರುವ ಗುಪ್ತರೋಗ ತಜ್ಞರಿಗೆ ಹಣ ಸುರಿಯಬೇಡಿ.

ಇಲ್ಲಿ ಇನ್ನೊಂದನ್ನೂ ಸ್ಪಷ್ಟವಾಗಿ ಹೇಳಬೇಕು. ತಲೆಗೆ ಪೆಟ್ಟಾದ ಮೇಲೆ ಬರುವ ಸುಸ್ತು, ಮರೆವು, ಸಿಡುಕಿಗೆಲ್ಲ ಹಾರ್ಮೋನೇ ಕಾರಣವಲ್ಲ. ಮಿದುಳಿಗೇ ಆದ ಗಾಯ, ಮನಸ್ಸಿನ ಖಿನ್ನತೆ, ಫಿಟ್ಸ್ ಮಾತ್ರೆಗಳ ಮಂಪರು, ರಕ್ತಹೀನತೆ, ನಿದ್ದೆಗೇಡು ಇವೂ ಕಾರಣವಾಗುತ್ತವೆ. ಎರಡು ಮೂರು ಒಟ್ಟಿಗೆ ಇರುವುದೂ ಉಂಟು. ಆದ್ದರಿಂದಲೇ ಊಹೆ ಬೇಡ, ಪರೀಕ್ಷೆ ಬೇಕು.

ಪರೀಕ್ಷೆ ಹೇಗೆ

ಬೆಳಗ್ಗೆ 8 ಗಂಟೆಯ ಸುಮಾರಿಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಹೊತ್ತು ಮುಖ್ಯ. ಕಾರ್ಟಿಸಾಲ್ ಬೆಳಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುತ್ತದೆ. ಮಧ್ಯಾಹ್ನ ಕೊಟ್ಟ ರಕ್ತದಿಂದ ಸರಿಯಾದ ತೀರ್ಮಾನ ಬರುವುದಿಲ್ಲ. ಬೆಳಗಿನ ಕಾರ್ಟಿಸಾಲ್, ಟಿ.ಎಸ್.ಎಚ್. ಜೊತೆಗೆ ಫ್ರೀ ಟಿ-4, ಪ್ರೊಲ್ಯಾಕ್ಟಿನ್, ಎಲ್.ಎಚ್., ಎಫ್.ಎಸ್.ಎಚ್., ಗಂಡಸರಿಗೆ ಟೆಸ್ಟೊಸ್ಟೆರಾನ್, ರಕ್ತದ ಸೋಡಿಯಂ - ಇವು ಮೊದಲ ಸುತ್ತಿನವು. ಬೇಕಾದರೆ ಮುಂದೆ ಇಂಜೆಕ್ಷನ್ ಕೊಟ್ಟು ಮಾಡುವ ಪರೀಕ್ಷೆಯನ್ನೂ ಪಿಟ್ಯುಟರಿಯ ಎಂ.ಆರ್.ಐ. ಚಿತ್ರವನ್ನೂ ತಜ್ಞರು ಹೇಳುತ್ತಾರೆ.

ನಾನು ಜಾರಿಬಿದ್ದ ಜಾಗ ಯಾವುದೆಂದರೆ ಟಿ.ಎಸ್.ಎಚ್. ಒಂದನ್ನೇ ನೋಡಿದ್ದು. ಅದು ಪಿಟ್ಯುಟರಿ ಥೈರಾಯ್ಡಿಗೆ ಕಳಿಸುವ ಅಪ್ಪಣೆ. ಅಪ್ಪಣೆ ಕೊಡುವವನೇ ಸೋತಿರುವಾಗ ಆ ಅಂಕಿ ಸರಿಯಾಗಿದ್ದಂತೆ ಕಂಡು ಮೋಸ ಮಾಡುತ್ತದೆ. ಫ್ರೀ ಟಿ-4 ಜೊತೆಯಲ್ಲಿ ನೋಡಲೇಬೇಕು.

ಯಾವಾಗ ಮಾಡಿಸಬೇಕು? ಜೋರು ಪೆಟ್ಟಾದವರು ಮೂರರಿಂದ ಆರು ತಿಂಗಳೊಳಗೆ ಒಮ್ಮೆ, ವರ್ಷ ತುಂಬಿದಾಗ ಇನ್ನೊಮ್ಮೆ. ಎರಡು ಸಲ ಏಕೆಂದರೆ, ಮೊದಲು ಕಂಡ ಕೊರತೆ ಕೆಲವರಲ್ಲಿ ತಾನಾಗಿ ಸರಿಹೋಗುತ್ತದೆ, ಕೆಲವರಲ್ಲಿ ತಡವಾಗಿ ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಚಿಹ್ನೆಗಳು ಕಂಡವರು ತಿಂಗಳು ಎಣಿಸುತ್ತ ಕೂರದೆ ಕೂಡಲೇ ಮಾಡಿಸಬೇಕು. ಈ ವಿಭಾಗದ ತಜ್ಞರಿಗೆ ಎಂಡೋಕ್ರಿನಾಲಜಿಸ್ಟ್, ಅಂದರೆ ನಿರ್ನಾಳ ಗ್ರಂಥಿಗಳ ತಜ್ಞರು ಎನ್ನುತ್ತಾರೆ. ದೊಡ್ಡ ಊರುಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ವಿಚಾರಿಸಿ. ತಲೆಯ ಪೆಟ್ಟಿಗೆ ಬೆಂಗಳೂರಿನ ನಿಮ್ಹಾನ್ಸ್‌ಗೋ ಬೇರೆ ಆಸ್ಪತ್ರೆಗೋ ಹೋಗಿ ಬಂದವರು ಮರುಭೇಟಿಗೆ ತಪ್ಪದೆ ಹೋಗಿ, ಅಲ್ಲಿಯೇ ಈ ಮಾತು ಕೇಳಿ.

ಚಿಕಿತ್ಸೆ ಮತ್ತು ಎಚ್ಚರಿಕೆ

ಸಂತೋಷದ ಸಂಗತಿ ಎಂದರೆ, ಗ್ರಂಥಿ ಸೋತರೂ ಅದು ಕೊಡಿಸಬೇಕಿದ್ದ ಹಾರ್ಮೋನುಗಳನ್ನು ಹೊರಗಿನಿಂದ ಕೊಡಬಹುದು. ಕಾರ್ಟಿಸಾಲ್ ಬದಲಿಗೆ ಹೈಡ್ರೊಕಾರ್ಟಿಸೋನ್ ಮಾತ್ರೆ, ಸಾಮಾನ್ಯವಾಗಿ ದಿನಕ್ಕೆ 15ರಿಂದ 20 ಮಿಲಿಗ್ರಾಂ, ಎರಡು ಮೂರು ಪಾಲು ಮಾಡಿ. ಥೈರಾಯ್ಡ್‌ಗೆ ಥೈರಾಕ್ಸಿನ್ ಮಾತ್ರೆ. ಅತಿಮೂತ್ರಕ್ಕೆ ಡೆಸ್ಮೊಪ್ರೆಸಿನ್. ಗಂಡಸರಿಗೆ ಟೆಸ್ಟೊಸ್ಟೆರಾನ್, ಹೆಂಗಸರಿಗೆ ಅವರ ಹಾರ್ಮೋನು. ಬೆಳವಣಿಗೆ ಹಾರ್ಮೋನು ದುಬಾರಿ. ಮಕ್ಕಳಿಗೆ ಅಗತ್ಯ, ದೊಡ್ಡವರೆಲ್ಲರಿಗೂ ಬೇಕಾಗುವುದಿಲ್ಲ. ಜೀವ ಉಳಿಸುವ ಮೊದಲೆರಡು ಮಾತ್ರೆಗಳು ಬಡವರ ಕೈಗೆ ಎಟುಕದವಲ್ಲ.

ಆದರೆ ನಾಲ್ಕು ಮಾತನ್ನು ಮನಸ್ಸಿನಲ್ಲಿಡಿ.

ಒಂದು: ಕಾರ್ಟಿಸಾಲ್ ಕೊರತೆ ಇರುವವರಿಗೆ ಅದನ್ನು ಸರಿಪಡಿಸದೆ ಥೈರಾಯ್ಡ್ ಮಾತ್ರೆ ಮೊದಲು ಕೊಡಬಾರದು. ಪ್ರಾಣಕ್ಕೆ ಸಂಚಕಾರ ಬರಬಹುದು. ಅಂಗಡಿಯಲ್ಲಿ ಕೇಳಿ ನೀವೇ ಶುರು ಮಾಡಬೇಡಿ.

ಎರಡು: "ಸ್ಟಿರಾಯ್ಡ್ ಮಾತ್ರೆ ಒಳ್ಳೇದಲ್ಲ" ಎಂದು ಯಾರೋ ಹೇಳಿದರೆಂದು ಹೈಡ್ರೊಕಾರ್ಟಿಸೋನ್ ನಿಲ್ಲಿಸಬೇಡಿ. ಕೀಲುನೋವಿಗೆ ಅಗತ್ಯವಿಲ್ಲದೆ ನುಂಗುವ ಸ್ಟಿರಾಯ್ಡ್ ಬೇರೆ, ದೇಹದಲ್ಲಿ ಇರಬೇಕಾದ್ದು ಇಲ್ಲವಾದಾಗ ಅಳತೆಯಲ್ಲಿ ತುಂಬಿಕೊಡುವುದು ಬೇರೆ.

ಮೂರು: ಜ್ವರ ಬಂದಾಗ ದೇಹಕ್ಕೆ ಹೆಚ್ಚು ಕಾರ್ಟಿಸಾಲ್ ಬೇಕು. ಅಂಥ ದಿನಗಳಲ್ಲಿ ಮಾತ್ರೆಯನ್ನು ಎರಡರಷ್ಟು ಮಾಡಬೇಕಾಗುತ್ತದೆ. ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕಾಯಬೇಡಿ, ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ನಿಗೆ ಆಸ್ಪತ್ರೆಗೆ ಓಡಿ. ಹಲ್ಲು ಕೀಳಿಸುವುದಿರಲಿ, ಹೆರಿಗೆ, ಆಪರೇಷನ್ ಇರಲಿ, ಮೊದಲೇ ತಿಳಿಸಿ.

ನಾಲ್ಕು: "ಪಿಟ್ಯುಟರಿ ಕೊರತೆ ಇದೆ, ಹೈಡ್ರೊಕಾರ್ಟಿಸೋನ್ ತೆಗೆದುಕೊಳ್ಳುತ್ತಿದ್ದಾರೆ" ಎಂದು ಬರೆದ ಚೀಟಿ ಸದಾ ಜೇಬಿನಲ್ಲಿರಲಿ. ಪ್ರಜ್ಞೆ ತಪ್ಪಿದಾಗ ಆ ಚೀಟಿ ನಿಮ್ಮ ಪರವಾಗಿ ಮಾತನಾಡುತ್ತದೆ.

ಪೆಟ್ಟಿಲ್ಲದೆಯೂ ಇದು ಬರುತ್ತದೆ

ಹಳ್ಳಿಯವರಾದ ನಮಗೆ ಸಂಬಂಧಪಟ್ಟ ಇನ್ನೆರಡು ಸಂದರ್ಭಗಳನ್ನು ಹೇಳದೆ ಮುಗಿಸಬಾರದು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ತಾಯಿಯ ಪಿಟ್ಯುಟರಿಯೂ ರಕ್ತವಿಲ್ಲದೆ ಒಣಗಬಹುದು. ಬ್ರಿಟನ್ನಿನ ಹೆರಾಲ್ಡ್ ಶೀಹನ್ 1937ರಲ್ಲಿ ಇದನ್ನು ವಿವರಿಸಿದ್ದರಿಂದ ಶೀಹನ್ ಕಾಯಿಲೆ ಎಂದು ಹೆಸರು. ಮಗುವಿಗೆ ಎದೆಹಾಲು ಬರದಿರುವುದು, ಮುಟ್ಟು ಮತ್ತೆ ಬರದಿರುವುದು ಇದರ ಮೊದಲ ಗುರುತು. ಹಾಲಿಲ್ಲದ ಬಾಣಂತಿಯನ್ನು ಹೀಯಾಳಿಸುವ ಅತ್ತೆಯರು ಹೆರಿಗೆಯ ದಿನ ಎಷ್ಟು ರಕ್ತ ಹೋಯಿತು ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಇನ್ನೊಂದು, ಕೊಳಕುಮಂಡಲ ಹಾವಿನ ಕಡಿತ. ಈ ವಿಷದಿಂದ ಬದುಕುಳಿದವರಲ್ಲಿ ಕೆಲವರಿಗೆ ಪಿಟ್ಯುಟರಿ ಕೆಟ್ಟಿರುವುದು ಬರ್ಮಾದಲ್ಲೂ ದಕ್ಷಿಣ ಭಾರತದಲ್ಲೂ ಕಂಡುಬಂದಿದೆ. ಚಿಹ್ನೆಗಳು, ಪರೀಕ್ಷೆ, ಚಿಕಿತ್ಸೆ ಎಲ್ಲವೂ ನಾನು ಈಗ ಹೇಳಿದವೇ.

ನಾವು ಮಾಡಬಹುದಾದದ್ದು

ಪೆಟ್ಟೇ ಬೀಳದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ. ನಮ್ಮ ರಾಜ್ಯದಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರಲ್ಲಿ. ಅದು ಪೊಲೀಸರಿಗಾಗಿ ಅಲ್ಲ. ಐ.ಎಸ್.ಐ. ಗುರುತಿನ ಹೆಲ್ಮೆಟ್ ಕೊಳ್ಳಿ, ಗಲ್ಲದ ಪಟ್ಟಿ ಬಿಗಿಯಿರಿ. ಪಟ್ಟಿ ಬಿಗಿಯದ ಹೆಲ್ಮೆಟ್ ಬೀಳುವಾಗ ನಿಮಗಿಂತ ಮೊದಲು ಹಾರಿಹೋಗುತ್ತದೆ. ಕ್ಯಾನುಗಳನ್ನು ಎರಡು ಪಕ್ಕಕ್ಕೂ ಸಮತೂಕವಾಗಿ ಕಟ್ಟಿ. ಕೊಟ್ಟಿಗೆಯ ನೆಲ ಪಾಚಿಗಟ್ಟದಂತೆ ಉಜ್ಜಿ. ಒದೆಯುವ ಹಸುವಿನ ಹಿಂದೆ ತಲೆ ಬಗ್ಗಿಸಿ ಕೂರಬೇಡಿ.

ಪೆಟ್ಟಾಗಿ ಆಸ್ಪತ್ರೆಗೆ ಸೇರಿದ್ದರೆ ಬಿಡುಗಡೆಯ ಚೀಟಿಯನ್ನೂ ಸ್ಕ್ಯಾನ್ ವರದಿಯನ್ನೂ ಪಹಣಿ, ಪಾಸ್ ಪುಸ್ತಕದ ಜೊತೆ ಜೋಪಾನವಾಗಿ ಇಡಿ. ಮುಂದೆ ಯಾವ ಕಾಯಿಲೆಗೆ ಯಾವ ವೈದ್ಯರ ಹತ್ತಿರ ಹೋದರೂ ಅದನ್ನು ಮೊದಲು ತೋರಿಸಿ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, ಪುನಃ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಹೆಸರು ನೋಂದಾಯಿಸಿದವರು, ಯಾವ ವೆಚ್ಚ ಅದರಲ್ಲಿ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಕೊನೆಯದಾಗಿ ಸಂಘದ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಒಬ್ಬ ಉತ್ಪಾದಕನ ಹಾಲಿನಲ್ಲಿ ಜಿಡ್ಡಿನ ಅಂಶ ಇಳಿದರೆ ಅದೇ ದಿನ ನಿಮಗೆ ಗೊತ್ತಾಗುತ್ತದೆ. ದಿನಾ ಬರುತ್ತಿದ್ದವನು ಬಾರದಾದರೆ, ಹದಿನಾರು ಲೀಟರು ಆರಕ್ಕೆ ಇಳಿದರೆ, "ಹಸುಗೇನಾಯ್ತಪ್ಪ?" ಎಂದು ಕೇಳುತ್ತೀರಿ. ಇನ್ನು ಮುಂದೆ "ನಿನಗೇನಾಯ್ತಪ್ಪ?" ಎಂದೂ ಕೇಳಿ. ತಲೆಗೆ ಪೆಟ್ಟಾಗಿತ್ತೇ ಎಂದು ಕೇಳಿ. ಹೌದು ಎಂದರೆ ಬೆಳಗ್ಗೆ ಎಂಟು ಗಂಟೆಗೆ ರಕ್ತ ಕೊಡಲು ಕಳಿಸಿ. ಸದಸ್ಯರೇ, ನಿಮ್ಮ ಮನೆಯಲ್ಲಿ ಪೆಟ್ಟು ತಿಂದು ಬಂದವರು ಮೊದಲಿನಂತಿಲ್ಲ ಎಂದು ಕಂಡರೆ ಮೈಗಳ್ಳ ಎನ್ನುವ ಮೊದಲು ಆ ಒಂದು ಪರೀಕ್ಷೆ ಮಾಡಿಸಿ. ಹಸು, ಹೊಲ, ಸಂಸಾರ ಕೈಬಿಟ್ಟು ಹೋಗುವ ಮೊದಲೇ ಮಾಡಿಸಿ.